ಎದೆಬಡಿತ ಎಣಿಸುವ ವಾಚಿನಿಂದ ತೂಕದ ಹೊದಿಕೆಯವರೆಗೆ: ಆತಂಕಕ್ಕೆಂದು ಕೊಳ್ಳುವ ವಸ್ತುಗಳ ವಿಮರ್ಶೆ

ಸ್ಮಾರ್ಟ್ ವಾಚು, ಉಸಿರಾಟ ಹೇಳಿಕೊಡುವ ಆ್ಯಪ್, ತೂಕದ ಹೊದಿಕೆ, ಗದ್ದಲ ಅಡಗಿಸುವ ಹೆಡ್‌ಫೋನ್, ಬಾಗಿಲಿಗೆ ಹಾಕುವ ಕ್ಯಾಮೆರಾ. ಮಾರುವವರು ಇವನ್ನು ಬೇರೆ ಬೇರೆ ಕೆಲಸದ ಹೆಸರು ಹೇಳಿ ಮಾರುತ್ತಾರೆ. ಕೊಳ್ಳುವವರಲ್ಲಿ ಅನೇಕರ ಕಾರಣ ಮಾತ್ರ ಒಂದೇ: ಎದೆ ಡವಗುಟ್ಟದಿರಲಿ, ಹೊಟ್ಟೆಯಲ್ಲಿ ತಳಮಳ ಏಳದಿರಲಿ, ಆ ಕೆಟ್ಟ ಗಳಿಗೆ ಬಾರದಿರಲಿ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಬಟ್ಟೆ ಎಷ್ಟು ಮೆತ್ತಗಿದೆ ಎಂದು ಅಳೆಯುವ ವಿಮರ್ಶೆಗಳು ಬೇಕಾದಷ್ಟಿವೆ. ಇಲ್ಲಿ ಕೇಳುವ ಪ್ರಶ್ನೆ ಬೇರೆ. ಈ ವಸ್ತು ಕೈಗೆ ಬಂದು ಮೂರು ತಿಂಗಳಾದ ಮೇಲೆ ಆ ಮನುಷ್ಯ ಧೈರ್ಯವಾಗಿ ಓಡಾಡುವ ಜಾಗ ಹೆಚ್ಚಿದೆಯೋ, ಕಡಿಮೆಯಾಗಿದೆಯೋ?

ಹೀಗೆ ಕೇಳುವುದಕ್ಕೆ ಕಾರಣವಿದೆ. ಲಿಫ್ಟಿಗೆ ಹೆದರುವವರು ಮೆಟ್ಟಿಲು ಹತ್ತಿದರೆ ತಕ್ಷಣ ಮನಸ್ಸು ಹಗುರಾಗುತ್ತದೆ. ಆ ಹಗುರವೇ ಬಹುಮಾನ. ಮುಂದಿನ ಸಲ ಕಾಲು ತಾನಾಗಿ ಮೆಟ್ಟಿಲ ಕಡೆ ತಿರುಗುತ್ತದೆ. ಭಯ ಅಂಟಿಕೊಳ್ಳುವುದು ಒಂದು ಬಗೆಯ ಕಲಿಕೆಯಿಂದ, ಉಳಿದುಕೊಳ್ಳುವುದು ತಪ್ಪಿಸಿಕೊಂಡಾಗ ಸಿಗುವ ಈ ನೆಮ್ಮದಿಯಿಂದ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಹೋಬರ್ಟ್ ಮೌರರ್ 1947ರಲ್ಲಿ ವಿವರಿಸಿದರು. ಓಡಿಹೋಗದೆಯೂ ತಪ್ಪಿಸಿಕೊಳ್ಳಬಹುದು ಎಂಬುದನ್ನು 1991ರಲ್ಲಿ ಸ್ಪಷ್ಟವಾಗಿ ತೋರಿಸಿದವರು ಬ್ರಿಟನ್ನಿನ ಪಾಲ್ ಸಾಲ್ಕೋವ್‌ಸ್ಕಿಸ್. ಲಿಫ್ಟು ಹತ್ತಿದರೂ ಒಳಗಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡೇ ನಿಂತವರು ಕ್ಷೇಮವಾಗಿ ಕೆಳಗಿಳಿಯುತ್ತಾರೆ. ಆದರೆ ಅವರ ಮನಸ್ಸು ಕಲಿಯುವ ಪಾಠ 'ಲಿಫ್ಟು ಅಪಾಯವಲ್ಲ' ಎಂದಲ್ಲ, 'ಕಂಬಿ ಹಿಡಿದಿದ್ದಕ್ಕೆ ಬಚಾವಾದೆ' ಎಂದು. ಇಂಥವನ್ನು ರಕ್ಷಣಾ ನಡವಳಿಕೆ ಎನ್ನುತ್ತಾರೆ. ಮೇಲಿನ ಐದರಲ್ಲಿ ಯಾವುದು ಬೇಕಾದರೂ ಆ ಕಂಬಿಯಾಗಬಲ್ಲದು. ಯಾವುದು ಬೇಗ ಆಗುತ್ತದೆ, ಆಗದಂತೆ ಬಳಸುವುದು ಹೇಗೆ ಎಂಬುದೇ ಈ ವಿಮರ್ಶೆಯ ತಿರುಳು.

ಅಳೆಯಲು ಒಂದು ಹಾಳೆ, ಒಂದು ಪೆನ್ನು ಸಾಕು. ಮನೋವೈದ್ಯ ಜೋಸೆಫ್ ವೋಲ್ಪೆ ಬಳಕೆಗೆ ತಂದ 0ರಿಂದ 100ರ ಭಯದ ಅಳತೆ ಇದಕ್ಕೆ ಹೇಳಿ ಮಾಡಿಸಿದಂತಿದೆ: 0 ಎಂದರೆ ಪೂರ್ತಿ ನಿರಾಳ, 100 ಎಂದರೆ ಊಹಿಸಬಹುದಾದ ಅತಿ ಕೆಟ್ಟ ದಿಗಿಲು. ಪ್ರತಿ ಸಾಲಿನಲ್ಲಿ ಐದು ವಿಷಯ ಬರೆಯಬೇಕು. ಎಲ್ಲಿಗೆ ಹೋದದ್ದು, ಏನಾಗಬಹುದು ಎಂದುಕೊಂಡದ್ದು, ಭಯದ ಗರಿಷ್ಠ ಅಂಕ, ನಿಜಕ್ಕೂ ಆದದ್ದು, ಆ ವಸ್ತು ಜೊತೆಗಿತ್ತೋ ಇಲ್ಲವೋ. ಎರಡನೆಯದನ್ನು ಹೋಗುವ ಮೊದಲೇ ಬರೆಯಬೇಕು. ಆಮೇಲೆ ಬರೆದರೆ ನೆನಪು ಊಹೆಯನ್ನು ತಿದ್ದಿಬಿಡುತ್ತದೆ, 'ಅಂದುಕೊಂಡಂತೆ ಆಗಲಿಲ್ಲ' ಎಂಬ ಅಚ್ಚರಿ ಕೈತಪ್ಪುತ್ತದೆ. ಭಯ ಸಡಿಲವಾಗುವುದು ಮುಖ್ಯವಾಗಿ ಆ ಅಚ್ಚರಿಯಿಂದ. ಎರಡು ವಾರ ಬರೆದು ನೋಡಿ. ವಸ್ತು ಇದ್ದಾಗ ಅಂಕ ಕಡಿಮೆ, ಇಲ್ಲದಾಗ ಅಂಕ ದಿನೇ ದಿನೇ ಏರುತ್ತಿದೆ ಎಂದಾದರೆ ಅದು ನಿಮ್ಮನ್ನು ಕಟ್ಟಿಹಾಕುತ್ತಿದೆ ಎಂದೇ ಅರ್ಥ.

ವಾಚು

ಐದರಲ್ಲಿ ಹೆಚ್ಚು ತೊಂದರೆ ಕೊಡಬಲ್ಲದ್ದು ಇದೇ. ಆದ್ದರಿಂದ ಇದಕ್ಕೆ ಹೆಚ್ಚು ಜಾಗ.

ವಾಚಿನ ಹಿಂಭಾಗದಲ್ಲಿ ಮಿನುಗುವ ಹಸಿರು ಬೆಳಕನ್ನು ರಕ್ತ ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ಮಣಿಕಟ್ಟಿನಲ್ಲಿ ರಕ್ತದ ಪ್ರಮಾಣ ಏರಿಳಿಯುವುದರಿಂದ, ಮರಳಿ ಬರುವ ಬೆಳಕಿನ ಏರಿಳಿತವನ್ನು ಎಣಿಸಿ ವಾಚು ಬಡಿತದ ಲೆಕ್ಕ ಕೊಡುತ್ತದೆ. ಸುಮ್ಮನೆ ಕೂತಾಗ ಈ ಲೆಕ್ಕ ಚೆನ್ನಾಗಿಯೇ ಇರುತ್ತದೆ. ಕೈ ಆಡತೊಡಗಿದರೆ ಕೆಡುತ್ತದೆ. ಪಟ್ಟಿ ಸಡಿಲವಿದ್ದರೆ ಹೊರಗಿನ ಬೆಳಕು ನುಸುಳುತ್ತದೆ, ಚಳಿಗೆ ಕೈ ತಣ್ಣಗಾಗಿದ್ದರೆ ಚರ್ಮಕ್ಕೆ ರಕ್ತ ಕಡಿಮೆ ಹರಿದು ಸಂಕೇತವೇ ಮಸುಕಾಗುತ್ತದೆ. ಎಲ್ಲಕ್ಕಿಂತ ಹೆಚ್ಚು ಗಾಬರಿ ಹುಟ್ಟಿಸುವ ತಪ್ಪು ಇನ್ನೊಂದು: ಬಿರುಸಾಗಿ ನಡೆಯುವಾಗ ವಾಚು ಹೆಜ್ಜೆಯ ಲಯವನ್ನೇ ಬಡಿತ ಎಂದು ಎಣಿಸಿಬಿಡಬಹುದು. 110 ಇರಬೇಕಾದಲ್ಲಿ 150 ಕಾಣುತ್ತದೆ. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳಗಲ ಮೇಲೆ, ಜಾರದಷ್ಟು ಬಿಗಿಯಾಗಿ, ಚರ್ಮದಲ್ಲಿ ಅಚ್ಚು ಬೀಳದಷ್ಟು ಸಡಿಲವಾಗಿ ಕಟ್ಟಿದರೆ ಈ ತಪ್ಪುಗಳು ಕಡಿಮೆಯಾಗುತ್ತವೆ, ಪೂರ್ತಿ ಹೋಗುವುದಿಲ್ಲ.

ಅಂಕಿ ಸರಿಯಿದ್ದಾಗಲೂ ಅದನ್ನು ಓದುವ ಬಗೆ ತಪ್ಪಬಹುದು. ವಿಶ್ರಾಂತಿಯಲ್ಲಿ ದೊಡ್ಡವರ ಬಡಿತ ನಿಮಿಷಕ್ಕೆ 60ರಿಂದ 100ರ ನಡುವೆ ಇರುವುದು ಸಾಮಾನ್ಯ. ಕೂತವರು ಎದ್ದು ನಿಂತರೆ ಏರುತ್ತದೆ, ಮೆಟ್ಟಿಲು ಹತ್ತಿದರೆ 100 ದಾಟುತ್ತದೆ, ಕಾಫಿ, ಜ್ವರ, ನಿದ್ದೆಗೇಡು, ನೀರು ಕುಡಿಯದೆ ಇದ್ದದ್ದು, ಎಲ್ಲವೂ ಅದನ್ನು ಏರಿಸುತ್ತವೆ. ಆತಂಕದವರ ಕಣ್ಣಿಗೆ ಮಾತ್ರ 104 ಎಂಬುದು ಹೃದಯಾಘಾತದ ಮುನ್ಸೂಚನೆ. ಆ ಯೋಚನೆ ಬಂದೊಡನೆ ಅಡ್ರಿನಲಿನ್ ಹರಿಯುತ್ತದೆ, ಬಡಿತ 118 ಆಗುತ್ತದೆ, ನೋಡಿದವರ ಎದೆ ಇನ್ನಷ್ಟು ಹಾರುತ್ತದೆ. ದಿಗಿಲಿನ ದಾಳಿ (ಪ್ಯಾನಿಕ್ ಅಟ್ಯಾಕ್) ಹುಟ್ಟುವುದು ಇಂಥ ಸುಳಿಯಿಂದ ಎಂದು ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲೇ ವಿವರಿಸಿದ್ದರು. ಆಗ ಆ ಸುಳಿಗೆ ಮೈಯ ಅನುಭವವೊಂದೇ ಮೇವು. ಈಗ ಮಣಿಕಟ್ಟಿನ ಮೇಲೆ ಅಂಕಿಯೂ ಸೇರಿಕೊಂಡಿದೆ.

ಇದು ಎಷ್ಟು ದೂರ ಹೋಗಬಹುದು ಎಂಬುದಕ್ಕೆ 2020ರಲ್ಲಿ ಪ್ರಕಟವಾದ ಒಂದು ವೈದ್ಯಕೀಯ ವರದಿ ಸಾಕ್ಷಿ. ಬಡಿತದ ಲಯ ಆಗಾಗ ತಪ್ಪುತ್ತಿದ್ದ 70 ವರ್ಷದ ಮಹಿಳೆಯೊಬ್ಬರು ಒಂದೇ ವರ್ಷದಲ್ಲಿ ವಾಚಿನಲ್ಲಿ 916 ಸಲ ಇಸಿಜಿ ತೆಗೆದುಕೊಂಡಿದ್ದರು. ಪ್ರತಿ ಸಲವೂ ಸ್ವಲ್ಪ ಹೊತ್ತಿನ ನೆಮ್ಮದಿ, ಮತ್ತೆ ಸಂಶಯ. ವಾಚಿನ ಇಸಿಜಿ ಒಂದೇ ಕೋನದಿಂದ ಹೃದಯವನ್ನು ನೋಡುತ್ತದೆ ಎಂಬುದನ್ನೂ ನೆನಪಿಡಬೇಕು. ಏಟ್ರಿಯಲ್ ಫಿಬ್ರಿಲೇಷನ್ ಎಂಬ ಲಯದೋಷವನ್ನು ಅದು ಹಿಡಿಯಬಲ್ಲದು, ಹೃದಯಾಘಾತವನ್ನು ಪತ್ತೆ ಮಾಡಲಾರದು. ಅಂದರೆ ಜನ ಯಾವ ಭಯಕ್ಕೆ ಅದನ್ನು ಒತ್ತುತ್ತಾರೋ ಆ ಭಯಕ್ಕೆ ಅದರಲ್ಲಿ ಉತ್ತರವೇ ಇಲ್ಲ.

'ಒತ್ತಡದ ಅಂಕ' ಎಂಬ ಸೌಲಭ್ಯವನ್ನಂತೂ ಮೊದಲ ದಿನವೇ ಆಫ್ ಮಾಡುವುದು ಒಳ್ಳೆಯದು. ಅದು ಬಡಿತ ಬಡಿತಗಳ ನಡುವಿನ ಅಂತರದ ಏರುಪೇರಿನಿಂದ ಕಟ್ಟಿದ ಅಂದಾಜು. ನಿದ್ದೆ ಕೆಟ್ಟರೂ, ಮದ್ಯ ಕುಡಿದರೂ, ಹೊಟ್ಟೆ ಬಿರಿಯ ಉಂಡರೂ ಅದು ಬದಲಾಗುತ್ತದೆ. ಸಂತೋಷದ ಉದ್ವೇಗಕ್ಕೂ ಭಯದ ಉದ್ವೇಗಕ್ಕೂ ಅದಕ್ಕೆ ವ್ಯತ್ಯಾಸ ತಿಳಿಯದು. ನಿದ್ದೆಯ ಅಂಕವೂ ಹಾಗೆಯೇ: ನಿದ್ದೆಯ ಹಂತಗಳನ್ನು ಖಚಿತವಾಗಿ ಗುರುತಿಸಲು ಮೆದುಳಿನ ವಿದ್ಯುತ್ ಅಲೆಗಳನ್ನು ನೋಡಬೇಕು, ವಾಚು ನೋಡುವುದು ಅಲುಗಾಟ ಮತ್ತು ಬಡಿತವನ್ನು. ಆ ಅಂಕಿಯ ಬೆನ್ನು ಹತ್ತಿಯೇ ನಿದ್ದೆ ಕೆಡಿಸಿಕೊಳ್ಳುವವರು ಎಷ್ಟು ಕಂಡುಬಂದರೆಂದರೆ, 2017ರಲ್ಲಿ ಸಂಶೋಧಕರು ಅದಕ್ಕೆ ಆರ್ಥೋಸೋಮ್ನಿಯಾ ಎಂದು ಹೆಸರನ್ನೇ ಇಟ್ಟರು.

ವಾಚು ಈಗಾಗಲೇ ಕೈಯಲ್ಲಿದ್ದರೆ ಹೀಗೆ ಮಾಡಬಹುದು. ಮುಖಪುಟದಿಂದ ಬಡಿತದ ಅಂಕಿಯನ್ನು ತೆಗೆಯಿರಿ. ವೈದ್ಯರು ಇಟ್ಟುಕೊಳ್ಳಿ ಎಂದು ಹೇಳಿರದಿದ್ದರೆ, ಬಡಿತ ಏರಿದೆ ಎಂದು ಎಚ್ಚರಿಸುವ ಸೂಚನೆಯನ್ನೂ ನಿಲ್ಲಿಸಿ. ವಾರಕ್ಕೊಂದು ದಿನ, ಗೊತ್ತಾದ ಹೊತ್ತಿನಲ್ಲಿ, ವಿಶ್ರಾಂತಿ ಬಡಿತದ ಏಳು ದಿನದ ಗೆರೆ ನೋಡಿದರೆ ಸಾಕು. ಹೃದಯದ ತೊಂದರೆ ಇರುವವರು ಇಸಿಜಿ ಯಾವಾಗ ತೆಗೆಯಬೇಕು, ದಿನಕ್ಕೆ ಎಷ್ಟು ಸಲ ಎಂಬುದನ್ನು ವೈದ್ಯರ ಜೊತೆ ಕೂತು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಗಾಬರಿಯಾದಾಗ ಗೊತ್ತು ಮಾಡುವುದಲ್ಲ.

ಎದೆಬಡಿತಕ್ಕೇ ಹೆದರುವವರಿಗೆ ನಿಜವಾಗಿ ಕೆಲಸಕ್ಕೆ ಬರುವ ಅಭ್ಯಾಸಕ್ಕೆ ವಾಚೇ ಬೇಡ. ನಿಂತಲ್ಲೇ ಒಂದು ನಿಮಿಷ ಓಡಿ, ಕೂತು, ಬಡಿತ ತಾನಾಗಿ ಇಳಿಯುವವರೆಗೆ ಏನೂ ಮಾಡದೆ ಇರಬೇಕು. ನಾಡಿ ಹಿಡಿಯಬಾರದು, ಉಸಿರು ಸರಿಪಡಿಸಬಾರದು, ನೀರು ಕುಡಿಯಬಾರದು. ದಿನಕ್ಕೆ ಮೂರು ನಾಲ್ಕು ಸಲ, ಒಂದು ವಾರ ಮಾಡಿದರೆ ಹಾಳೆಯ ಮೇಲಿನ ಅಂಕ ಇಳಿಯುವುದು ಸಾಮಾನ್ಯವಾಗಿ ಕಾಣುತ್ತದೆ. ಹೃದ್ರೋಗ, ಆಸ್ತಮಾ, ಮೂರ್ಛೆರೋಗ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು.

ಆತಂಕ ಕಡಿಮೆ ಮಾಡಿಕೊಳ್ಳಲೆಂದೇ ವಾಚು ಕೊಳ್ಳಬೇಕೇ? ಬೇಡ.

ಉಸಿರಾಟದ ಆ್ಯಪ್

ಇಲ್ಲಿ ತಳಹದಿ ಗಟ್ಟಿಯಾಗಿದೆ. ಉಸಿರು ಎಳೆದಾಗ ಹೃದಯ ತುಸು ವೇಗವಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಬಿಡುವ ಹೊತ್ತನ್ನು ಉದ್ದ ಮಾಡಿದರೆ ನಿಧಾನದ ಪಾಲು ಹೆಚ್ಚುತ್ತದೆ. ನಾಲ್ಕು ಸೆಕೆಂಡು ಎಳೆದು ಆರು ಸೆಕೆಂಡು ಬಿಟ್ಟರೆ ನಿಮಿಷಕ್ಕೆ ಆರು ಉಸಿರು. ಹೆಚ್ಚಿನವರಿಗೆ ಒಗ್ಗುವ ಲೆಕ್ಕ ಇದೇ.

ಆ್ಯಪುಗಳು ಎಡವುವುದು ಒಂದು ಪದದಲ್ಲಿ: 'ದೀರ್ಘವಾಗಿ'. ದೀರ್ಘ ಎಂದೊಡನೆ ಜನ ಭುಜ ಎತ್ತಿ, ಬಾಯಿ ತೆರೆದು, ಎದೆ ತುಂಬ ಗಾಳಿ ಎಳೆಯುತ್ತಾರೆ. ಹೀಗೆ ಹತ್ತಿಪ್ಪತ್ತು ಸಲ ಎಳೆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ. ತಲೆ ತಿರುಗುತ್ತದೆ, ಬೆರಳ ತುದಿ ಮತ್ತು ತುಟಿ ಜುಮುಗುಡುತ್ತವೆ, ಎದೆ ಬಿಗಿದಂತಾಗುತ್ತದೆ. ಗಾಬರಿ ಇಳಿಸಲು ಕೂತವರು ಗಾಬರಿಯ ಲಕ್ಷಣಗಳನ್ನೇ ತಂದುಕೊಂಡಂತಾಯಿತು. ಬೇಕಾದದ್ದು ದೊಡ್ಡ ಉಸಿರಲ್ಲ, ನಿಧಾನದ ಸಣ್ಣ ಉಸಿರು. ಮೂಗಿನಿಂದ, ಪಕ್ಕದವರಿಗೆ ಕೇಳಿಸದಷ್ಟು ಮೆಲ್ಲಗೆ. ಹೊಟ್ಟೆಯ ಮೇಲೆ ಇಟ್ಟ ಕೈ ಏಳಬೇಕು, ಭುಜ ಏಳಬಾರದು.

ಕೊಳ್ಳುವ ಮೊದಲು ನೋಡಬೇಕಾದದ್ದು ಇದು. ಎಣಿಕೆಯನ್ನು ನಾವೇ ಬದಲಿಸಬಹುದೇ? ಬಹಳ ಆ್ಯಪುಗಳು ಮೊದಲ ದಿನವೇ 4-7-8 ಎಂಬ ಕ್ರಮ ಕೊಡುತ್ತವೆ: ನಾಲ್ಕು ಎಳೆ, ಏಳು ಹಿಡಿ, ಎಂಟು ಬಿಡು. ಒಂದು ಸುತ್ತಿಗೆ 19 ಸೆಕೆಂಡು, ಅಂದರೆ ನಿಮಿಷಕ್ಕೆ ಮೂರು ಉಸಿರು. ಹೊಸಬರಿಗೆ ಇದು ಉಸಿರುಗಟ್ಟಿದಂತೆ ಆಗುತ್ತದೆ, ಬಿಟ್ಟುಬಿಡುತ್ತಾರೆ. ಮೂರು ಎಳೆ ನಾಲ್ಕು ಬಿಡು ಎಂಬಲ್ಲಿಂದ ಶುರು ಮಾಡಿ ಒಂದು ವಾರದಲ್ಲಿ ನಾಲ್ಕು-ಆರಕ್ಕೆ ಬರಲು ಬಿಡುವ ಆ್ಯಪ್ ಆರಿಸಿ. ಕಣ್ಣು ತೆರೆದುಕೊಂಡು, ಫೋನಿನ ಮೆಲ್ಲನೆಯ ಕಂಪನ ಹಿಡಿದು ಮಾಡುವಂತಿದ್ದರೆ ಇನ್ನೂ ಒಳ್ಳೆಯದು. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರ ಒಂದು ಅಧ್ಯಯನದಲ್ಲಿ ಜನ ದಿನಕ್ಕೆ ಐದೇ ನಿಮಿಷದಂತೆ ಸುಮಾರು ಒಂದು ತಿಂಗಳು ಅಭ್ಯಾಸ ಮಾಡಿದ್ದರು. ಎರಡು ಸಲ ಎಳೆದು ಒಂದು ಸಲ ಉದ್ದಕ್ಕೆ ಬಿಡುವ, ನಿಟ್ಟುಸಿರಿನಂಥ ಕ್ರಮದವರಲ್ಲಿ ಮನಸ್ಸಿನ ಉಲ್ಲಾಸ ಧ್ಯಾನ ಮಾಡಿದ ಗುಂಪಿಗಿಂತ ಹೆಚ್ಚು ಸುಧಾರಿಸಿತ್ತು. ಐದು ನಿಮಿಷಕ್ಕೆ ವರ್ಷದ ಚಂದಾ ಬೇಕೇ ಎಂದು ಯೋಚಿಸಿ. ಗಡಿಯಾರದ ಮುಳ್ಳು ನೋಡಿಕೊಂಡೂ ಮಾಡಬಹುದು.

ಸತತ ಎಷ್ಟು ದಿನ ಮಾಡಿದಿರಿ ಎಂದು ಎಣಿಸುವ ಸೌಲಭ್ಯ ಆತಂಕದವರಿಗೆ ಕೆಟ್ಟದ್ದು. 40ನೇ ದಿನ ತಪ್ಪಿದರೆ ಅದೇ ಹೊಸ ಚಿಂತೆ. ಆಫ್ ಮಾಡಲು ಬಾರದಿದ್ದರೆ ಆ ಆ್ಯಪ್ ಬೇಡ.

'ತುರ್ತು' ಗುಂಡಿಯ ವಿಷಯದಲ್ಲಿ ನಮ್ಮ ಆಕ್ಷೇಪ ಇನ್ನೂ ದೊಡ್ಡದು. ದಿಗಿಲಿನ ದಾಳಿ ಕೆಲವೇ ನಿಮಿಷಗಳಲ್ಲಿ ತುತ್ತತುದಿ ಮುಟ್ಟಿ ಆಮೇಲೆ ತಾನಾಗಿ ಇಳಿಯುತ್ತದೆ, ಯಾರು ಏನೂ ಮಾಡದಿದ್ದರೂ. ಪ್ರತಿ ಸಲ ಗುಂಡಿ ಒತ್ತಿದವರಿಗೆ ಇದು ಗೊತ್ತಾಗುವ ಅವಕಾಶವೇ ಸಿಗುವುದಿಲ್ಲ. ಫೋನಿನ ಚಾರ್ಜು ಮುಗಿದ ದಿನ ಮನೆ ಬಿಟ್ಟು ಹೊರಡದಂತಾಗುತ್ತದೆ. ಆದ್ದರಿಂದ ಉಸಿರಾಟವನ್ನು ಬೆಳಿಗ್ಗೆಯೋ ಸಂಜೆಯೋ ಗೊತ್ತಾದ ಹೊತ್ತಿನಲ್ಲಿ, ಹಲ್ಲುಜ್ಜಿದಂತೆ ಮಾಡಿ ಮುಗಿಸಿ. ಹೆದರುವ ಜಾಗಕ್ಕೆ ಹೋದಾಗ ಬಳಸಬೇಡಿ.

'ಚಿಂತೆ ಬಿಡಿ, ಒಳ್ಳೆಯದನ್ನೇ ಯೋಚಿಸಿ' ಎಂಬ ಸಂದೇಶ ಕಳಿಸುವ ಆ್ಯಪುಗಳಿಂದ ಹೆಚ್ಚೇನೂ ಆಗದು. ಬಿಳಿ ಕರಡಿಯನ್ನು ನೆನೆಯಬೇಡಿ ಎಂದರೆ ಜನ ಅದನ್ನೇ ನೆನೆಯುತ್ತಾರೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಅದರ ಬದಲು 'ಚಿಂತೆಯ ಹೊತ್ತು' ನಿಗದಿ ಮಾಡಲು ಬಿಡುವ ಆ್ಯಪ್ ಇದ್ದರೆ ಇಟ್ಟುಕೊಳ್ಳಿ: ದಿನಾ ಒಂದೇ ಜಾಗ, ಒಂದೇ ಹೊತ್ತು, ಅರ್ಧ ಗಂಟೆ. ಮಿಕ್ಕ ಹೊತ್ತಿನಲ್ಲಿ ಬಂದ ಚಿಂತೆಯನ್ನು ಒಂದು ಸಾಲು ಬರೆದಿಟ್ಟು ಆ ಹೊತ್ತಿಗೆ ಮುಂದೂಡುವುದು. ಮನಶ್ಶಾಸ್ತ್ರಜ್ಞ ಥಾಮಸ್ ಬೋರ್ಕೋವೆಕ್ ಮತ್ತು ಜೊತೆಗಾರರು 1983ರಲ್ಲಿ ಪರೀಕ್ಷಿಸಿದ ಈ ಕ್ರಮ ಇಂದಿಗೂ ಬಳಕೆಯಲ್ಲಿದೆ. ಮಲಗುವ ಹೊತ್ತಿಗೆ ಹತ್ತಿರ ಇಡಬೇಡಿ, ಹಾಸಿಗೆಯ ಮೇಲಂತೂ ಬೇಡವೇ ಬೇಡ.

ತೂಕದ ಹೊದಿಕೆ

ಐದರಲ್ಲಿ ಮನಸ್ಸಿಟ್ಟು ಶಿಫಾರಸು ಮಾಡಬಹುದಾದದ್ದು ಇದೊಂದು, ಕೆಲವು ಷರತ್ತುಗಳೊಡನೆ. ಮೈತೂಕದ ಹತ್ತನೇ ಒಂದು ಪಾಲು ಎಂಬುದು ಬಳಕೆಯಲ್ಲಿರುವ ಲೆಕ್ಕ: 60 ಕೆಜಿಯವರಿಗೆ 6 ಕೆಜಿ. ಎರಡರ ನಡುವೆ ಅನುಮಾನವಿದ್ದರೆ ಹಗುರದ್ದನ್ನೇ ಕೊಳ್ಳಿ. ಒಳಗೆ ಗಾಜಿನ ಸಣ್ಣ ಮಣಿ ಇದ್ದರೆ ಹೊದಿಕೆ ತೆಳ್ಳಗೆ, ಸದ್ದಿಲ್ಲದೆ ಇರುತ್ತದೆ. ಪ್ಲಾಸ್ಟಿಕ್ ಕಾಳು ದಪ್ಪ, ಹೊರಳಿದಾಗ ಸರಸರ ಎನ್ನುತ್ತದೆ. ಹೊಲಿಗೆಯ ಚೌಕಗಳನ್ನು ಕೈಯಿಂದ ಅಳೆದು ನೋಡಿ. ಚೌಕ ದೊಡ್ಡದಾದಷ್ಟೂ ಮಣಿಗಳು ಒಂದು ಮೂಲೆಗೆ ಸರಿದು ತೂಕ ಒಂದೇ ಕಡೆ ಬೀಳುತ್ತದೆ. ಅಗಲ ಹಾಸಿಗೆಯಷ್ಟಲ್ಲ, ಮೈಯಷ್ಟು ಇರಬೇಕು. ಅಂಚಿನಿಂದ ಇಳಿಬಿದ್ದರೆ ಆ ತೂಕವೇ ಎಳೆದು ರಾತ್ರಿ ಇಡೀ ಹೊದಿಕೆಯನ್ನು ನೆಲಕ್ಕೆ ಜಾರಿಸುತ್ತದೆ. ಮೇಲಿನ ಗವಸು ಬಿಚ್ಚಲು ಬರಬೇಕು. ನೆನೆದ ಹೊದಿಕೆಯ ತೂಕಕ್ಕೆ ಮನೆಯ ವಾಷಿಂಗ್ ಮೆಷಿನ್ ತಡೆಯದಿರಬಹುದು.

ಸ್ವೀಡನ್ನಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆತಂಕ, ಖಿನ್ನತೆ ಮುಂತಾದವುಗಳ ಜೊತೆಗೆ ನಿದ್ರಾಹೀನತೆಯೂ ಇದ್ದ 120 ಜನರನ್ನು ನಾಲ್ಕು ವಾರ ಗಮನಿಸಲಾಯಿತು. ಸರಪಳಿ ತುಂಬಿದ ಭಾರದ ಹೊದಿಕೆಯವರ ನಿದ್ದೆ ಹಗುರ ಹೊದಿಕೆಯವರಿಗಿಂತ ಬಹಳ ಸುಧಾರಿಸಿತು. ಆದರೆ ಯಾರ ಮೇಲೆ ಭಾರದ್ದು ಬಿದ್ದಿದೆ ಎಂಬುದು ಹೊದ್ದವರಿಗೆ ಗೊತ್ತಾಗಿಯೇ ಆಗುತ್ತದೆ. ನಂಬಿಕೆಯ ಪಾಲು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಮೊದಲ ಮೂರು ದಿನ ಕೂತಾಗ ತೊಡೆಯ ಮೇಲೆ 20 ನಿಮಿಷ ಇಟ್ಟುಕೊಂಡು ನೋಡಿ, ಆಮೇಲೆ ರಾತ್ರಿಗೆ. ಶಿಶುಗಳಿಗೆ ಖಂಡಿತ ಬೇಡ. ತಾವೇ ಸರಿಸಿ ಹೊರಬರಲಾರದ ಯಾರಿಗೂ ಬೇಡ, ಮಗುವಾಗಲಿ ಮುದುಕರಾಗಲಿ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಶ್ವಾಸಕೋಶದ ಕಾಯಿಲೆ ಇದ್ದವರು ವೈದ್ಯರನ್ನು ಕೇಳಬೇಕು. ಇದು ಕಂಬಿಯಾಗದಂತೆ ನೋಡಿಕೊಳ್ಳಲು ವಾರಕ್ಕೆ ಎರಡು ರಾತ್ರಿ ಬೇಕೆಂದೇ ಮಾಮೂಲಿ ಹೊದಿಕೆ ಹೊದ್ದು ಮಲಗಿ. 'ಅದಿಲ್ಲದೆ ಬೇರೆ ಮನೆಯಲ್ಲಿ ಉಳಿಯಲಾರೆ' ಎಂಬ ಮಾತು ಬಾಯಿಗೆ ಬಂದರೆ ನಾಲ್ಕು ರಾತ್ರಿ ಮಾಡಿ.

ಹೆಡ್‌ಫೋನ್ ಮತ್ತು ಕ್ಯಾಮೆರಾ

ಗದ್ದಲ ಅಡಗಿಸುವ ಹೆಡ್‌ಫೋನು ಹೊರಗಿನ ಸದ್ದನ್ನು ಮೈಕಿನಿಂದ ಹಿಡಿದು ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಕಿವಿಗೆ ಬಿಡುತ್ತದೆ. ಎಂಜಿನ್, ಫ್ಯಾನ್‌ನಂಥ ಒಂದೇ ಸಮನೆಯ ತಗ್ಗು ಸದ್ದಿಗೆ ಇದು ಚೆನ್ನಾಗಿ ಒದಗುತ್ತದೆ. ಮಾತು, ಅಳು, ಪಾತ್ರೆ ಬಿದ್ದ ಸದ್ದು ಅಷ್ಟಾಗಿ ಅಡಗುವುದಿಲ್ಲ. ಜನಜಂಗುಳಿಯ ಮಾತಿನ ಗದ್ದಲಕ್ಕೆ ಹೆದರಿ ಕೊಂಡವರಿಗೆ ನಿರಾಸೆಯಾಗುವುದು ಅದಕ್ಕೇ. ದಿನವಿಡೀ ಕಿವಿ ಮುಚ್ಚಿಕೊಂಡವರಿಗೆ ಸದ್ದಿನ ತಾಳ್ಮೆ ಇನ್ನಷ್ಟು ತಗ್ಗುತ್ತದೆ ಎಂಬುದು ಎರಡನೇ ತೊಡಕು: ಕಡಿಮೆ ಸದ್ದಿಗೆ ಹೊಂದಿಕೊಂಡ ಕಿವಿಗೆ ಸಾಮಾನ್ಯ ಸದ್ದೇ ಜೋರೆನಿಸುತ್ತದೆ. ಬಿಡಿಸಿಕೊಳ್ಳಲು ಹೊರಗಿನ ಸದ್ದು ಒಳಬಿಡುವ ಮೋಡ್‌ಗೆ ಹಾಕಿ ಐದು ನಿಮಿಷ, ಆಮೇಲೆ ಒಂದು ಕಿವಿ ತೆರೆದು, ಆಮೇಲೆ ಕೊರಳಿಗೆ ಇಳಿಸಿ, ಕೊನೆಗೆ ಚೀಲದಲ್ಲಿ. ಒಂದೊಂದು ಹಂತಕ್ಕೆ ಒಂದು ವಾರ. ಆದರೆ ಆಟಿಸಂ ಇರುವವರಲ್ಲಿ ಸದ್ದಿನ ಸೂಕ್ಷ್ಮತೆ ಬೇರೆಯೇ ವಿಷಯ. ಅವರ ಕಿವಿಯಿಂದ ಹೆಡ್‌ಫೋನ್ ಕಿತ್ತುಕೊಂಡು 'ಅಭ್ಯಾಸ ಮಾಡಿಸುವುದು' ಕ್ರೌರ್ಯ. ಅವರಿಗೆ ಅದು ಕನ್ನಡಕವಿದ್ದಂತೆ.

ಕ್ಯಾಮೆರಾವನ್ನು ಬೀಗ ಹಾಕಿದೆನೋ ಇಲ್ಲವೋ ಎಂಬ ಸಂಶಯಕ್ಕೆ ಕೊಳ್ಳುವುದಾದರೆ ಕೊಳ್ಳಬೇಡಿ. ನೆದರ್ಲೆಂಡ್ಸಿನ ಮಾರ್ಸೆಲ್ ವಾನ್ ಡೆನ್ ಹೌಟ್ ಮತ್ತು ಮೆರೆಲ್ ಕಿಂಟ್ 2003ರಲ್ಲಿ ಜನರಿಗೆ ಕಂಪ್ಯೂಟರಿನಲ್ಲಿ ಚಿತ್ರಿಸಿದ ಗ್ಯಾಸ್ ಒಲೆಯನ್ನು ಮತ್ತೆ ಮತ್ತೆ ಪರೀಕ್ಷಿಸಲು ಕೊಟ್ಟರು. ಪದೇ ಪದೇ ನೋಡಿದವರ ನೆನಪು ತಪ್ಪಾಗಲಿಲ್ಲ. ಆದರೆ ಅದು ಮಸುಕಾಯಿತು, ಅದರ ಮೇಲಿನ ನಂಬಿಕೆ ಕುಸಿಯಿತು. ಸಂಶಯದಿಂದ ನೋಡುತ್ತೇವೆ ಎಂದುಕೊಳ್ಳುತ್ತೇವೆ, ನೋಡಿ ನೋಡಿಯೇ ಸಂಶಯ ಬೆಳೆಯುತ್ತದೆ. ಹೊರಡುವಾಗ ಒಲೆಯ ಫೋಟೊ ತೆಗೆದಿಟ್ಟುಕೊಳ್ಳುವುದೂ ಇದೇ ಜಾತಿಯದು. ಹಣ ಹಾಕಲೇಬೇಕಿದ್ದರೆ ತಾನಾಗಿ ಬೀಳುವ ಬೀಗಕ್ಕೆ ಹಾಕಿ, ಅದು ಕೆಲಸವನ್ನೇ ಕಡಿಮೆ ಮಾಡುತ್ತದೆ. ಆದರೆ ಅದರ ದಾಖಲೆ ತೋರಿಸುವ ಆ್ಯಪನ್ನು ಫೋನಿನಲ್ಲಿ ಇಟ್ಟುಕೊಳ್ಳಬೇಡಿ.

ಬೆರಳಾಡಿಸುವ ಆಟಿಕೆ, ಹಿಸುಕುವ ಚೆಂಡು, ಸುಗಂಧದ ಎಣ್ಣೆ ಇವುಗಳಿಂದ ಕೇಡೂ ಕಡಿಮೆ, ಲಾಭವೂ ಕಡಿಮೆ. ಜೇಬಿನಲ್ಲಿ ಒಯ್ಯುವ 'ಬೇಕಾದರೆ ಇರಲಿ' ಮಾತ್ರೆಯನ್ನು ಮಾತ್ರ ಹಗುರವಾಗಿ ಕಾಣಬಾರದು. ವರ್ಷಗಟ್ಟಲೆ ನುಂಗದೆ ಬರೀ ಹೊತ್ತು ತಿರುಗುವವರಿದ್ದಾರೆ. ಅದು ಅಪ್ಪಟ ಕಂಬಿ. ಹಾಗೆಂದು ವೈದ್ಯರು ದಿನಾ ತೆಗೆದುಕೊಳ್ಳಿ ಎಂದ ಮಾತ್ರೆಯನ್ನು ಇದನ್ನು ಓದಿ ನಿಲ್ಲಿಸಬೇಡಿ. ಆತಂಕ ತಗ್ಗಿಸಲು, ನಿದ್ದೆ ಬರಿಸಲು ಕೊಡುವ ಬೆಂಜೊಡಯಜೆಪೈನ್ ಗುಂಪಿನ ಔಷಧಿಗಳನ್ನು ಬಹುಕಾಲ ತೆಗೆದುಕೊಂಡು ಏಕಾಏಕಿ ಬಿಟ್ಟರೆ ಸೆಳವು (ಫಿಟ್ಸ್) ಬರುವ ಅಪಾಯವಿದೆ. ಕಡಿಮೆ ಮಾಡುವುದನ್ನು ವೈದ್ಯರೇ ಹಂತಹಂತವಾಗಿ ಮಾಡಿಸಬೇಕು.

ಯಾವ ವಸ್ತುವಿಗೂ ಮೀರಿದ ಹಂತ ಯಾವುದು? ಆತಂಕ ಅಳೆಯುವ ಗ್ಯಾಡ್-7 ಎಂಬ ಪ್ರಶ್ನಾವಳಿ 2006ರಿಂದ ಬಳಕೆಯಲ್ಲಿದೆ. ಕಳೆದ ಎರಡು ವಾರದ ಬಗ್ಗೆ ಏಳು ಪ್ರಶ್ನೆ, ಪ್ರತಿಯೊಂದಕ್ಕೂ 0ರಿಂದ 3, ಒಟ್ಟು 21. 5 ಮುಟ್ಟಿದರೆ ಅಲ್ಪ, 10 ಮುಟ್ಟಿದರೆ ಮಧ್ಯಮ, 15 ಮುಟ್ಟಿದರೆ ತೀವ್ರ. 10 ಅಥವಾ ಹೆಚ್ಚು ಬಂದರೆ ಖರೀದಿ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಥೈರಾಯ್ಡ್ ಹೆಚ್ಚಾದರೂ, ರಕ್ತ ಕಡಿಮೆಯಾದರೂ ಇಂಥದೇ ಎದೆಬಡಿತ ಬರುವುದರಿಂದ ಒಂದು ಸಲ ಪರೀಕ್ಷೆ ಮಾಡಿಸುವುದು ನ್ಯಾಯ. ಹೊಸದಾಗಿ ಬಂದ ಎದೆನೋವಿಗಂತೂ ಆ್ಯಪ್ ತೆರೆಯದೆ ನೇರ ಆಸ್ಪತ್ರೆಗೆ ಹೋಗಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಆತಂಕದ ಕಾಯಿಲೆ ಇದ್ದವರು 30.1 ಕೋಟಿ ಜನ, ಚಿಕಿತ್ಸೆ ಸಿಗುವುದು ನಾಲ್ವರಲ್ಲಿ ಒಬ್ಬರಿಗಷ್ಟೇ. ಮಿಕ್ಕವರ ಕೈಗೆ ಮೊದಲು ಸಿಗುವುದು ಇಂಥ ವಸ್ತುಗಳೇ ಆಗಿರುವುದು ನೋವಿನ ಸಂಗತಿ.

ಚಿಕಿತ್ಸಕರನ್ನು ಆರಿಸುವಾಗ ಎರಡು ಪ್ರಶ್ನೆ ಕೇಳಿ. ಹೆದರುವ ಸಂದರ್ಭಕ್ಕೆ ಹಂತಹಂತವಾಗಿ ಎದುರಾಗುವ ಅಭ್ಯಾಸ ಮಾಡಿಸುತ್ತೀರಾ? ಎರಡು ಭೇಟಿಗಳ ನಡುವೆ ಮನೆಯಲ್ಲಿ ಮಾಡಬೇಕಾದ ಕೆಲಸ ಕೊಡುತ್ತೀರಾ? ಎರಡಕ್ಕೂ ಹೌದು ಎನ್ನುವವರ ಬಳಿ ಹೋಗುವಾಗ ಎರಡು ವಾರ ಬರೆದ ಆ ಹಾಳೆಯನ್ನು ಜೊತೆಗೆ ಒಯ್ಯಿರಿ. ಯಾವ ಸಾಲುಗಳಲ್ಲಿ ವಸ್ತು ಜೊತೆಗಿರಲಿಲ್ಲವೋ, ಭಯ 80 ಮುಟ್ಟಿದರೂ ಅಂದುಕೊಂಡ ಕೆಡುಕು ನಡೆಯಲಿಲ್ಲವೋ, ಅವುಗಳ ಕೆಳಗೆ ಗೆರೆ ಎಳೆದಿಡಿ. ಮೊದಲ ಭೇಟಿಯ ಮಾತು ಅಲ್ಲಿಂದಲೇ ಶುರುವಾಗಲಿ.